ನಮ್ಮಲ್ಲಿ ಹುಳ ಇಲ್ಲ

ಒದ್ದೆ ಅತ್ತೆಯನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ಮೂರು ಸಹಿಗಳಿವೆ: ಅಧ್ಯಕ್ಷರದ್ದು, ಕಾರ್ಯದರ್ಶಿಯದ್ದು, ಮೇಲ್ವಿಚಾರಕಿಯದ್ದು. ನಾಲ್ಕನೆಯದು ನನ್ನದಾಗಬೇಕಿತ್ತು. ಅಡುಗೆಯವಳ ಸಹಿ ಯಾರಿಗೆ ಬೇಕು ಎಂದು ಬಿಟ್ಟಿರಬೇಕು. ಅವರಿಗೆ ಬೇಕಾಗಿದ್ದದ್ದು ನನ್ನ ಬಾಯಿಂದ ಒಂದು ಮಾತು. ಅದನ್ನು ನಾನು ಕೇಳಿದ ತಕ್ಷಣ ಕೊಟ್ಟುಬಿಟ್ಟೆ. ಅದಕ್ಕೇ ಅವಳ ಕತೆಯನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು. ಬೇರೆಯವರು ಹೇಳುವುದೂ ಇಲ್ಲ ಅನ್ನಿ.

ನಾವಿಬ್ಬರೂ ಕೆಲಸಕ್ಕಿದ್ದದ್ದು ಒಂದು ಮಕ್ಕಳ ಮನೆಯಲ್ಲಿ. ಪಾಳಿಯ ಮೇಲೆ ದುಡಿಯುವ ಅಪ್ಪ ಅಮ್ಮಂದಿರು ಸೋಮವಾರ ಬೆಳಿಗ್ಗೆ ಮಕ್ಕಳನ್ನು ತಂದು ಬಿಡುತ್ತಿದ್ದರು, ಶುಕ್ರವಾರ ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಮೂರು ವರ್ಷದಿಂದ ಆರು ವರ್ಷದೊಳಗಿನ ಹನ್ನೆರಡು ಮಕ್ಕಳು. ಕೆಳಗೆ ನನ್ನ ಅಡುಗೆಮನೆ, ಕಚೇರಿ, ಆಟದ ಕೋಣೆ. ಮೇಲೆ ಉದ್ದನೆಯ ಮಲಗುವ ಕೋಣೆ. ಬಾಗಿಲಿನಿಂದ ಕಿಟಕಿಯವರೆಗೆ ಸಾಲಾಗಿ ಹನ್ನೆರಡು ಹಾಸಿಗೆ. ಆ ಕೋಣೆ ಒದ್ದೆ ಅತ್ತೆಯದು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ಆಯಾ ಆಗಿದ್ದಳು.

ಆ ಹೆಸರಿಟ್ಟದ್ದು ಮಕ್ಕಳೇ. ಅವಳ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತಿತ್ತು. ಮೂಗು, ಬಾಯಿ, ಅಂಗೈ, ಚೆಲ್ಲಿದ ಹಾಲು, ಬಿದ್ದು ತರಚಿದ ಮಂಡಿ, ಎಲ್ಲದಕ್ಕೂ ಅದೇ ಬಟ್ಟೆ. ಹೊಸದಾಗಿ ಸೇರಿಸಿದ ತಾಯಂದಿರು ಮಗುವಿನ ಬಾಯಲ್ಲಿ "ಒದ್ದೆ ಅತ್ತೆ" ಅಂತ ಕೇಳಿ, ಯಾರು ಯಾರಿಗೆ ಒದ್ದರೋ ಎಂದು ಗಾಬರಿಯಾಗಿ ನನ್ನ ಹತ್ತಿರ ಬರುತ್ತಿದ್ದರು. ನಾನು ನಕ್ಕು, "ಅವಳು ಇರುವೆಗೂ ದಾರಿ ಬಿಟ್ಟು ನಡೀತಾಳೆ, ಹೆದರಬೇಡಿ" ಅನ್ನುತ್ತಿದ್ದೆ. ಅದು ಮಾತಿಗೆ ಹೇಳಿದ್ದಲ್ಲ, ಅವಳು ನಿಜವಾಗಿಯೂ ಬಿಟ್ಟು ನಡೆಯುತ್ತಿದ್ದಳು.

ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಎಲ್ಲಿಗೋ ಹೋದವನು ತಿರುಗಿ ಬರಲಿಲ್ಲ. ಮಕ್ಕಳಿರಲಿಲ್ಲ. ತಮ್ಮನ ಮನೆಯಲ್ಲಿ ಒಂದು ಮೂಲೆ, ಒಂದು ತಗಡಿನ ಪೆಟ್ಟಿಗೆ, ಅಷ್ಟೇ ಅವಳ ಆಸ್ತಿ. ಆ ಮೂಲೆಗೆ ಅವಳು ಹೋಗುತ್ತಿದ್ದದ್ದು ಶನಿವಾರ ಭಾನುವಾರ ಮಾತ್ರ. ಹೋದರೂ ಅವಳ ಬಾಯಲ್ಲಿ ಬರೀ ನಮ್ಮ ಹನ್ನೆರಡು ಜನರ ಸುದ್ದಿ. ಹಾಡಲು ಬರುತ್ತಿರಲಿಲ್ಲ, ಗಂಟಲು ಒಡೆದ ಮಡಕೆ. ಅದಕ್ಕೆ ಮಕ್ಕಳನ್ನು ಮಲಗಿಸಲು ಮಗ್ಗಿ ಹೇಳುತ್ತಿದ್ದಳು. ಎರಡರಿಂದ ಶುರು ಮಾಡಿ ಏಳರವರೆಗೆ. ಎಂಟರ ಮಗ್ಗಿ ಅವಳಿಗೇ ಬರುತ್ತಿರಲಿಲ್ಲ. ಅಷ್ಟರೊಳಗೆ ಎಲ್ಲರೂ ನಿದ್ದೆ ಹೋಗಿರುತ್ತಿದ್ದರಿಂದ ಆ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ಕಾಂಪೌಂಡಿನ ಹಿಂದೆ ಒಂದು ತಗ್ಗು ಜಾಗ. ಮಳೆ ಬಂದರೆ ನೀರು ನಿಲ್ಲುತ್ತಿತ್ತು, ಆಳೆತ್ತರ ಜೊಂಡು ಬೆಳೆಯುತ್ತಿತ್ತು. ಅಲ್ಲಿಂದ ಹುಳಗಳು ಬರುತ್ತಿದ್ದವು. ಮಕ್ಕಳಿಗೆ ಹುಳ ಕಂಡರೆ ಜೀವ ಹೋದ ಹಾಗೆ. ಒಂದು ಕಿರುಚಿದರೆ ಹನ್ನೆರಡೂ ಕಿರುಚುತ್ತಿದ್ದವು. ಒದ್ದೆ ಅತ್ತೆ ಅವರಿಗೆ ಒಂದೊಂದೇ ಹುಳದ ಗುರುತು ಮಾಡಿಕೊಟ್ಟಳು. ಕಪ್ಪು ಜೀರುಂಡೆಯನ್ನು ಅಂಗೈ ಮೇಲೆ ಬಿಟ್ಟುಕೊಂಡು ತೋರಿಸುತ್ತಿದ್ದಳು. ಅಂಗಾತ ಹಾಕಿದರೆ ಟಕ್ಕೆಂದು ಹಾರಿ ನೆಟ್ಟಗಾಗುವ ಹುಳವನ್ನು ನನ್ನ ಸ್ಟೀಲ್ ತಟ್ಟೆಯಲ್ಲಿಟ್ಟು ಸರ್ಕಸ್ ಮಾಡಿಸುತ್ತಿದ್ದಳು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯ ಗುಲಗಂಜಿ ಹುಳ ಎಲ್ಲರಿಗೂ ಅಚ್ಚುಮೆಚ್ಚು.

"ಅತ್ತೆ, ಇದು ಕಚ್ಚುತ್ತಾ?"

"ಕಚ್ಚಲ್ಲ ಪುಟ್ಟಾ. ಅದಕ್ಕೆ ನಿನ್ನ ಕಂಡ್ರೇನೇ ಭಯ."

"ಇದು?"

"ಇದೂ ಕಚ್ಚಲ್ಲ. ಕೈ ಎತ್ತಬಾರದು, ಹೊಡೀಬಾರದು. ಹೀಗೆ ಉಫ್ ಅಂತ ಊದು, ಹೋಗುತ್ತೆ."

ಇರುವೆಯಂತೆ ಸಪೂರ, ಕೆಂಪು ಕಪ್ಪು ಪಟ್ಟೆಯ, ಬಾಲ ಎತ್ತಿಕೊಂಡು ಓಡುವ ಒಂದು ಸಣ್ಣ ಹುಳವೂ ಅವುಗಳಲ್ಲಿತ್ತು. ಅದನ್ನೂ ಕಚ್ಚದ ಹುಳಗಳ ಸಾಲಿಗೇ ಸೇರಿಸಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಕಚ್ಚುವುದಿಲ್ಲ.

ಮೊದಲೆಲ್ಲ ಮಲಗುವ ಕೋಣೆಯಲ್ಲಿ ದೀಪ ಆರಿಸುತ್ತಿದ್ದೆವು. ಒಂದು ಮಗು ಕತ್ತಲಲ್ಲಿ ಹಾಸಿಗೆಯಿಂದ ಬಿದ್ದು ಹಲ್ಲು ಮುರಿದುಕೊಂಡಿತು. ಅದರ ತಾಯಿ ದೂರು ಕೊಟ್ಟಳು. ಕಚೇರಿಯಿಂದ ಆದೇಶ ಬಂತು: ನಾಲ್ಕೂ ಟ್ಯೂಬ್‌ಲೈಟ್ ಬೆಳಗಿನವರೆಗೆ ಉರಿಯಬೇಕು, ಗಾಳಿಗೆ ಕಿಟಕಿ ತೆರೆದಿರಬೇಕು. ಹಾಗಾದರೆ ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹಾಕಿಸಿ ಎಂದು ಒದ್ದೆ ಅತ್ತೆ ಮೂರು ಸಲ ಅರ್ಜಿ ಕೊಟ್ಟಳು. ಅವಳಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ, ಮೂರು ಸಲವೂ ಬರೆದುಕೊಟ್ಟವಳು ನಾನೇ. ಮೂರು ಸಲವೂ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು.

ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಲು ಗಂಟೆ ಬಾರಿಸಬೇಕು ಎಂದು ನಿಯಮವಿತ್ತು. ಅವಳು ಬಾರಿಸುತ್ತಿರಲಿಲ್ಲ. "ಗಂಟೆ ಎಲ್ಲಾ ನಮ್ಮಂಥ ಕತ್ತೆಗಳಿಗೆ" ಅನ್ನುತ್ತಿದ್ದಳು. ಬೆಳಗಾಗುತ್ತಲೇ ಕೆಳಗೆ ಬಂದು ನನ್ನ ಒಲೆಯಿಂದ ಒಂದು ಬೋಗುಣಿ ಉಗುರುಬೆಚ್ಚನೆ ನೀರು ಒಯ್ಯುತ್ತಿದ್ದಳು. ಹಳೆಯ ಹಾಸಿಗೆ ಬಟ್ಟೆಯಿಂದ ಹರಿದ, ತೊಳೆದು ತೊಳೆದು ಮೆತ್ತಗಾದ ಆ ಬಟ್ಟೆ ರಾತ್ರಿಯೆಲ್ಲ ಟ್ಯೂಬ್‌ಲೈಟಿನ ಕೆಳಗಿನ ಹಗ್ಗದ ಮೇಲೆ ಒಣಗಿರುತ್ತಿತ್ತು. ಅದನ್ನು ನೀರಿಗೆ ಅದ್ದಿ, ಹಿಂಡಿ, ಬಾಗಿಲ ಹತ್ತಿರದ ಒಂದನೇ ಹಾಸಿಗೆಯಿಂದ ಶುರು ಮಾಡುತ್ತಿದ್ದಳು. ಹಣೆ, ಬಲಗೆನ್ನೆ, ಎಡಗೆನ್ನೆ, ಗದ್ದದ ಕೆಳಗೆ, ಕೊನೆಗೆ ಕತ್ತಿನ ಹಿಂದೆ. ಅಷ್ಟು ಹೊತ್ತಿಗೆ ಮಗು ಕಣ್ಣು ಬಿಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಬೆಳಿಗ್ಗೆ ಅಳುತ್ತಾ ಎದ್ದದ್ದನ್ನು ನಾನು ಕಾಣೆ.

ಒಂದನೇ ಹಾಸಿಗೆ ಗುಬ್ಬಿಯದು. ನಾಲ್ಕು ವರ್ಷದ ಹುಡುಗಿ, ಬಸ್ ಚಾಲಕನ ಮಗಳು. ಅತ್ತೆಯ ಸೆರಗು ಬಿಡುತ್ತಿರಲಿಲ್ಲ. ಮೊದಲು ತನ್ನ ಮುಖವನ್ನೇ ಒರೆಸಬೇಕು ಎಂದು ಹಟ ಮಾಡಿ ಆ ಹಾಸಿಗೆ ಹಿಡಿದವಳು.

ಆ ವರ್ಷ ನಾಲ್ಕು ದಿನ ಬಿಡದೆ ಮಳೆ ಹುಯ್ದು, ಮಂಗಳವಾರ ಹೊಳವಾಯಿತು. ಬೆಳಿಗ್ಗೆ ಬೋಗುಣಿ ಹಿಡಿದು ಬಂದ ಒದ್ದೆ ಅತ್ತೆ, "ಇವತ್ತು ಹುಳ ವಿಪರೀತ ಕಣೇ. ನನ್ನ ಬಟ್ಟೆ ಮೇಲೂ ಕೂತಿದ್ವು, ಕೊಡವಿ ಹಾಕಿದೆ" ಎಂದಳು. ನಾನು ಹಾಲು ಕಾಯಿಸುತ್ತಾ ಹೂಂ ಎಂದೆ. ಆ ಮಾತು ನನ್ನ ಕಿವಿಯ ಮೇಲೆ ಬಿದ್ದದ್ದು ಇವತ್ತಿಗೂ ನಿಚ್ಚಳವಾಗಿ ನೆನಪಿದೆ. ಮರೆತಿದ್ದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಬುಧವಾರ ಮಧ್ಯಾಹ್ನ ಗುಬ್ಬಿಯ ಕೆನ್ನೆ ಕೆಂಪಾಯಿತು. ಸಂಜೆಗೆ ಇನ್ನೂ ಐದು ಮಕ್ಕಳಿಗೆ. ಗುರುವಾರ ಎದ್ದಾಗ ಗುಬ್ಬಿಯ ಬಲಗೆನ್ನೆಯಿಂದ ಕತ್ತಿನವರೆಗೆ ಕಾದ ಸೌಟಿನಲ್ಲಿ ಎಳೆದ ಹಾಗೆ ಉದ್ದನೆಯ ಬರೆ, ಅದರ ಮೇಲೆ ಗುಳ್ಳೆ, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಎರಡನೇ ಹಾಸಿಗೆಯ ಮಗುವಿಗೂ ಹಾಗೇ, ಮೂರನೆಯದಕ್ಕೂ. ಕಿಟಕಿಯ ಹತ್ತಿರದವರಿಗೆ ಬರೀ ಕೆಂಪು. ಪಕ್ಕದ ರಸ್ತೆಯ ಡಾಕ್ಟರು ಬಂದು ನಿಂತ ಕಾಲಲ್ಲೇ ನೋಡಿ, "ಬಿಸಿ ತಾಗಿಸಿದ್ದಾರೆ, ಇಲ್ಲಾ ಏನೋ ಸುರಿದಿದ್ದಾರೆ" ಎಂದು ಮುಲಾಮು ಬರೆದುಕೊಟ್ಟು ಹೋದರು. ಮೇಲ್ವಿಚಾರಕಿ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದಳು.

ಶುಕ್ರವಾರ ಸಂಜೆ ಗೇಟಿನ ಹತ್ತಿರ ನಡೆದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಮುಖ ನೋಡಿದ ತಾಯಂದಿರು ಯಾರೂ ಸುಮ್ಮನಿರುವುದಿಲ್ಲ, ಇರಲೂಬಾರದು. ಗುಬ್ಬಿಯ ಅಪ್ಪ ಮಾತ್ರ ಕೂಗಾಡಲಿಲ್ಲ. ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಒದ್ದೆ ಅತ್ತೆಯ ಮುಂದೆ ಬಂದು, "ನಿಮ್ಮನ್ನ ನಂಬಿದ್ವಿ" ಎಂದ. ಶನಿವಾರ ಹತ್ತು ಗಂಟೆಗೆ ವಿಚಾರಣೆ ಎಂದು ಅಧ್ಯಕ್ಷರು ಗೊತ್ತು ಮಾಡಿದರು.

ಶನಿವಾರ ಬೆಳಿಗ್ಗೆ ನಾನು ಪಾತ್ರೆ ಬೆಳಗುತ್ತಿದ್ದಾಗ ಅವಳು ಅಡುಗೆಮನೆಗೆ ಬಂದಳು. ಕಣ್ಣು ಕೆಂಡದ ಹಾಗಿತ್ತು. ಕೈಯಲ್ಲಿ ಆ ಬಟ್ಟೆ ಮತ್ತು ಒಂದು ಗಾಜಿನ ಬಾಟಲಿ. ಬಟ್ಟೆಯನ್ನು ನನ್ನ ಕಟ್ಟೆಯ ಮೇಲೆ ಹರಡಿ ಒಂದು ಮಡಿಕೆ ಬಿಡಿಸಿದಳು. ಒಳಗೆ, ಒಗೆದರೂ ನೂಲಿಗೆ ಅಂಟಿ ಉಳಿದ, ಅರೆದುಹೋದ ಕೆಂಪು ಚೂರು, ಕಪ್ಪು ಚೂರು, ಒಂದು ಕಾಲು.

"ಕೊಡವಿದ್ದು ಮೇಲಿನವು ಮಾತ್ರ. ಮಡಿಕೇಲಿ ಇದ್ದವನ್ನ ಹಿಂಡಿಬಿಟ್ಟಿದ್ದೀನಿ ಕಣೇ. ಹಿಂಡಿ ಅದರಲ್ಲೇ ಒರೆಸಿದ್ದೀನಿ. ಮೊದಲನೇ ಹಾಸಿಗೆಗೆ ಜಾಸ್ತಿ, ಕೊನೇದಕ್ಕೆ ಕಮ್ಮಿ. ನೋಡಿದ್ಯಾ? ಹಣೆ, ಬಲಗೆನ್ನೆ, ಎಡಗೆನ್ನೆ, ಗದ್ದ. ಎಲ್ಲರಿಗೂ ಅದೇ ದಾರಿ. ನನ್ನ ಕೈ ಹೋದ ದಾರಿ."

"ನಿನ್ನ ಕೈಗೇನೂ ಆಗಿಲ್ವಲ್ಲ?"

ಅವಳು ಅಂಗೈ ಬಿಚ್ಚಿ ತೋರಿಸಿದಳು. ಹತ್ತೊಂಬತ್ತು ವರ್ಷ ಸೋಪು ನೀರಲ್ಲಿ ಬೆಂದ ಅಂಗೈ, ಚಪ್ಪಲಿಯ ಅಟ್ಟೆಯಂತಾಗಿತ್ತು. "ಇದಕ್ಕೆ ಏನು ತಾಗುತ್ತೆ?" ಎಂದಳು. ಬಾಟಲಿಯಲ್ಲಿ ಮೂರು ಹುಳಗಳು ಬಾಲ ಎತ್ತಿಕೊಂಡು ಗಾಜಿನ ಸುತ್ತ ಓಡುತ್ತಿದ್ದವು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಂದಿದ್ದಳು.

"ಅಕ್ಕ, ಅಲ್ಲಿ ಹೋಗಿ ನನ್ನ ಕೈಯಿಂದ ಆಯ್ತು ಅಂತ ಮಾತ್ರ ಹೇಳಬೇಡ. ಹುಳದಿಂದ ಆಯ್ತು ಅನ್ನು" ಎಂದೆ ನಾನು.

"ಹುಳ ತಾನಾಗಿ ಏನು ಮಾಡಿತು ಪಾಪ?" ಎಂದಳು. ನನಗೆ ಮೈಯೆಲ್ಲ ಉರಿಯಿತು. ಇಂಥ ಹೊತ್ತಿನಲ್ಲೂ ಹುಳದ ಪರ ವಕೀಲಿ ಮಾಡುವವಳಿಗೆ ಏನು ಹೇಳುವುದು?

ಕಚೇರಿಯಲ್ಲಿ ಮೂವರೂ ಮೇಜಿನ ಆಚೆ ಕೂತಿದ್ದರು. ಚಹಾ ಕೊಡಲು ಹೋದ ನನ್ನನ್ನು, "ನೀನೂ ಇಲ್ಲೇ ಇರು, ಕೇಳುವುದಿದೆ" ಎಂದು ಬಾಗಿಲ ಬಳಿ ನಿಲ್ಲಿಸಿದರು. ಟ್ರೇ ನನ್ನ ಕೈಯಲ್ಲೇ ಇತ್ತು.

"ಮಕ್ಕಳಿಗೆ ಏನು ಮಾಡಿದೆ?" ಎಂದರು ಅಧ್ಯಕ್ಷರು. ದಪ್ಪ ಕನ್ನಡಕದ ವಯಸ್ಸಾದ ಮನುಷ್ಯ, ಕೆಟ್ಟವರೇನಲ್ಲ.

"ನನ್ನ ಕೈಯಿಂದಲೇ ಆಗಿದ್ದು ಸಾರ್" ಎಂದಳು ಒದ್ದೆ ಅತ್ತೆ.

ಕಾರ್ಯದರ್ಶಿ ಅದನ್ನು ಬರೆದುಕೊಂಡ. ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಅವಳು ಬಟ್ಟೆಯ ವಿಷಯ, ಮಡಿಕೆಯ ವಿಷಯ, ಮಳೆ ನಿಂತ ವಿಷಯ, ಜಾಲರಿಯ ಮೂರು ಅರ್ಜಿಗಳ ವಿಷಯ ಎಲ್ಲ ಹೇಳಿದಳು. ಮುಚ್ಚಳ ಮತ್ತೆ ತೆರೆಯಲಿಲ್ಲ.

ಅಧ್ಯಕ್ಷರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಹುಳ ಕಚ್ಚುತ್ತಾ?"

"ಇಲ್ಲ ಸಾರ್."

"ಕುಟುಕುತ್ತಾ?"

"ಇಲ್ಲ ಸಾರ್."

"ಮತ್ತೆ?"

ಮೇಲ್ವಿಚಾರಕಿ ಮಕ್ಕಳ ಹೇಳಿಕೆಯನ್ನು ಓದಿದಳು. ಹುಳ ಏನಾದರೂ ಕಚ್ಚಿತಾ ಎಂದು ಅವಳು ಕೇಳಿದ್ದಕ್ಕೆ ಹನ್ನೆರಡು ಮಕ್ಕಳೂ ಒಂದೇ ಉತ್ತರ ಕೊಟ್ಟಿದ್ದವು: ಹುಳ ಕಚ್ಚಲ್ಲ, ಅತ್ತೆ ಹೇಳಿದ್ದಾಳೆ. ಹಾಗಾದರೆ ಏನಾಯಿತು ಎಂದದ್ದಕ್ಕೆ ಗುಬ್ಬಿ, ಅತ್ತೆ ಮುಖ ಒರೆಸಿದಳು, ಆಮೇಲೆ ಉರಿ ಆಯ್ತು ಎಂದಿದ್ದಳು. ಒದ್ದೆ ಅತ್ತೆ ಅದನ್ನು ಕೇಳಿ ತಲೆಯಾಡಿಸಿದಳು. ಪಾಠ ಸರಿಯಾಗಿ ಒಪ್ಪಿಸಿದ ಮಗುವಿಗೆ ತಲೆಯಾಡಿಸುವ ಹಾಗೆಯೇ ಆಡಿಸಿದಳು.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆದು, ಒಂದು ಹುಳವನ್ನು ಎಡ ಮುಂಗೈ ಮೇಲೆ ಸುರಿದುಕೊಂಡು, ಬಲಗೈ ಹೆಬ್ಬೆರಳಿನಿಂದ ಒತ್ತಿ ಮೊಣಕೈವರೆಗೂ ಉಜ್ಜಿಕೊಂಡಳು. ಹುಳವನ್ನು ಅವಳು ಕೊಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಯನ್ನು ಮೇಜಿನ ಮೇಲೆ ಚಾಚಿ, "ನೋಡಿ ಸಾರ್, ಈಗ ಬರುತ್ತೆ" ಎಂದಳು.

ಎಲ್ಲರೂ ನೋಡಿದೆವು. ಐದು ನಿಮಿಷ ಆಯಿತು, ಹತ್ತಾಯಿತು. ಮೇಲ್ವಿಚಾರಕಿ ಬಗ್ಗಿ ನೋಡಿದಳು. ಮುಂಗೈ ನನ್ನ ನಿಮ್ಮ ಮುಂಗೈಯಂತೆಯೇ ಇತ್ತು, ಒಂದು ಕೆಂಪು ಚುಕ್ಕಿಯೂ ಇಲ್ಲ. ಒದ್ದೆ ಅತ್ತೆ ಅದನ್ನು ತಿರುಗಿಸಿ ನೋಡಿದಳು, ಉಗುರಿನಿಂದ ಸ್ವಲ್ಪ ಕೆರೆದಳು. ಅವಳ ಮುಖ ನೋಡಲಾಗದೆ ನಾನು ಕೈಯಲ್ಲಿದ್ದ ಖಾಲಿ ಟ್ರೇಯನ್ನು ನೋಡುತ್ತಾ ನಿಂತೆ.

ಆ ಬರೆ ಏಳಲು ಒಂದು ದಿನ ಬೇಕು. ಮಂಗಳವಾರ ಒರೆಸಿದ್ದು ಬುಧವಾರ ಎದ್ದದ್ದಲ್ಲವೇ? ಆ ಕೋಣೆಯಲ್ಲಿದ್ದ ಐದು ತಲೆಗಳಲ್ಲಿ ಒಂದಕ್ಕೂ ಅದು ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ, ನನಗೂ.

"ಹನ್ನೊಂದೂವರೆಗೆ ನನಗೆ ಬೇರೆ ಕೆಲಸ ಇದೆ" ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನು ಹೇಳು. ಈ ಕಟ್ಟಡದಲ್ಲಿ ಹುಳ ಇದೆಯೇನು?"

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಸಾರ್ವಜನಿಕ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳು ನಾನು. ತನಿಖೆಗೆ ಬರುವವರು ಮೊದಲು ಕೇಳುವುದೇ ಅದು. ಅಕ್ಕಿಯಲ್ಲಿ ಹುಳ ಇದೆಯೇ? ಹಿಟ್ಟಿನಲ್ಲಿ? ಕಪಾಟಿನ ಹಿಂದೆ? ಇದೆ ಎಂದ ಅಡುಗೆಯವರನ್ನು ಮರುದಿನ ಯಾರೂ ಕಂಡಿಲ್ಲ. ಆ ಪ್ರಶ್ನೆಯ ಮೊದಲ ಅಕ್ಷರ ಕಿವಿಗೆ ಬಿದ್ದರೆ ಸಾಕು, ಉತ್ತರ ನನ್ನ ನಾಲಿಗೆಯ ತುದಿಗೆ ತಾನಾಗಿ ಬಂದು ಕೂರುತ್ತಿತ್ತು. ನಿದ್ದೆಯಲ್ಲಿ ಕೇಳಿದರೂ ಹಾಗೇ ಹೇಳುತ್ತಿದ್ದೆ.

"ಇಲ್ಲ ಸಾರ್. ನಮ್ಮಲ್ಲಿ ಹುಳ ಇಲ್ಲ."

ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದೆ. ಕಾರ್ಯದರ್ಶಿ ಆಗಲೇ ಪೆನ್ನಿನ ಮುಚ್ಚಳ ತೆಗೆದು ಬರೆಯುತ್ತಿದ್ದ. ಬಾಯಿ ಮುಚ್ಚಿಕೊಂಡೆ. ಮೊದಲನೆಯದು ಅಭ್ಯಾಸದ ತಪ್ಪು ಎಂದಿಟ್ಟುಕೊಳ್ಳಿ, ಬಾಯಿ ಮುಚ್ಚಿಕೊಂಡದ್ದು ಅಭ್ಯಾಸವಲ್ಲ. ಅದು ಹೆದರಿಕೆ. ಒದ್ದೆ ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ, ಯಾರೋ ತನ್ನ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಿದರೆ ನೋಡುತ್ತೇವಲ್ಲ, ಹಾಗೆ.

ಮಧ್ಯಾಹ್ನದೊಳಗೆ ಅವಳು ಗಂಟುಮೂಟೆ ಕಟ್ಟಿದಳು. ಬಟ್ಟೆಯನ್ನು ಸಾಕ್ಷಿ ಎಂದು ಕಚೇರಿಯವರು ಇಟ್ಟುಕೊಂಡರು. ಹೆಗಲ ಮೇಲೆ ಏನೂ ಇಲ್ಲದೆ ಅವಳು ಗೇಟು ದಾಟಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಹೋಗಿ ಬೀಳ್ಕೊಡುವ ಮುಖ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಮತ್ತೆ ಬಂದಳು. ಹೆಚ್ಚಿನವರು ಮಕ್ಕಳನ್ನು ಕಳಿಸಿರಲಿಲ್ಲ. ಬೇರೆ ದಾರಿ ಇಲ್ಲದ ನಾಲ್ಕೈದು ಜನ ಮಾತ್ರ ಗೇಟಿನ ಹತ್ತಿರ ನಿಂತಿದ್ದರು. ಅವಳು ಎಡಗೈಯನ್ನು ಮುಂದೆ ಚಾಚಿಕೊಂಡು, ಬಿಸಿ ಪಾತ್ರೆ ಹಿಡಿದವಳಂತೆ ಓಡೋಡಿ ಬರುತ್ತಿದ್ದಳು. ಮುಂಗೈಯಿಂದ ಮೊಣಕೈವರೆಗೆ ಅಂಗುಲ ಅಗಲದ ಬರೆ, ಅದರ ತುಂಬ ಗುಳ್ಳೆ. ಮುಖದಲ್ಲಿ ಮಾತ್ರ ಸಂತೋಷ! ಅಂಥ ಸಂತೋಷವನ್ನು ಅವಳ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

"ಬಂತು ಮೇಡಂ! ನೋಡಿ, ಬಂತು! ಒಂದು ದಿನ ತಡವಾಗಿ ಬರುತ್ತೆ ಅದು!"

ಮೇಲ್ವಿಚಾರಕಿ ಆ ಕೈಯನ್ನು ನೋಡಿದಳು. ಎಲ್ಲರಿಗೂ ಕೇಳುವಂತೆ, "ಎರಡು ದಿನ ಮನೇಲಿ ಕೂತು ಸುಟ್ಕೊಂಡು ಬಂದ್ಯಾ?" ಎಂದಳು.

ಗುಬ್ಬಿ ಅಪ್ಪನ ಕಾಲು ಹಿಡಿದು ನಿಂತಿದ್ದಳು. ಒಂದು ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒದ್ದೆ ಅತ್ತೆ ಎಲ್ಲ ಮರೆತು, "ಗುಬ್ಬೀ, ಉರಿ ಕಮ್ಮಿ ಆಯ್ತಾ ಕಂದಾ?" ಎಂದು ಕೈ ನೀಡಿದಳು. ಮಗು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು ಕಿಟಾರನೆ ಕಿರುಚಿತು. ಹುಳ ಕಂಡಾಗ ಮೊದಲೆಲ್ಲ ಕಿರುಚುತ್ತಿದ್ದ ಹಾಗೆಯೇ.

ಒದ್ದೆ ಅತ್ತೆ ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಂತರ ಸುತ್ತ ನೋಡಿ, ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಕಂಡಳು. "ನೀನು ಹೇಳೇ ಇವರಿಗೆ" ಎಂದಳು. ಅಷ್ಟೇ ಕೇಳಿದ್ದು. ನಾನು, "ಅಯ್ಯೋ, ಹಾಲು ಉಕ್ಕುತ್ತಿದೆ" ಎಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ.

ಮುಂದಿನ ತಿಂಗಳ ತನಿಖೆಗೆ ಮೊದಲು ಕಟ್ಟಡಕ್ಕೆ ಬಣ್ಣ ಹೊಡೆಸಿದರು, ಅದರ ಜೊತೆಯಲ್ಲೇ ಕಿಟಕಿಗಳಿಗೆ ಜಾಲರಿ ಬಂತು. ಯಾವ ಮಗುವಿಗೂ ಮತ್ತೆ ಬರೆ ಏಳಲಿಲ್ಲ. "ಅವಳು ಹೋದ ಮೇಲೆ ಒಂದು ಮಗುವಿಗಾದರೂ ಆಯಿತೇ?" ಎಂದು ಮೇಲ್ವಿಚಾರಕಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೊಸ ಆಯಾ ಗಂಟೆ ಬಾರಿಸಿ ಎಬ್ಬಿಸುತ್ತಿದ್ದಳು. ಮಕ್ಕಳು ಅಳುತ್ತಾ ಏಳುತ್ತಿದ್ದವು, ನಾನು ಕೆಳಗೆ ನೀರು ಕಾಯಿಸುವುದನ್ನು ಬಿಟ್ಟೆ.

ಎರಡು ವರ್ಷ ಕಳೆದು, ಸೋಪಿನಿಂದ ಬಿರುಕು ಬಿಟ್ಟ ನನ್ನ ಬೆರಳುಗಳಿಗೆ ಔಷಧಿ ಕೇಳಲು ದೊಡ್ಡ ಆಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನ ಹೆಂಗಸು. ಧೈರ್ಯ ಮಾಡಿ ಹುಳದ ವಿಷಯ ಕೇಳಿದೆ. ಅವರು ನಕ್ಕುಬಿಟ್ಟರು.

"ಓ, ಅದಾ? ಮಳೆ ನಿಂತ ವಾರ ದಿನಕ್ಕೆ ನಾಲ್ಕು ಜನ ಬರ್ತಾರೆ. ಜೀರುಂಡೆಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಏನೂ ಮಾಡಲ್ಲ. ಇದೂ ಕಚ್ಚಲ್ಲ, ಕುಟುಕಲ್ಲ. ಮೈ ಮೇಲೆ ಉಜ್ಜಿದ್ರೆ ಮಾತ್ರ ಅದರ ಒಳಗಿನ ರಸ ಸುಡುತ್ತೆ. ಅದೂ ಒಂದು ದಿನ ಬಿಟ್ಟು."

"ಅಂಗೈಗೆ?"

"ಅಂಗೈ ಚರ್ಮ ದಪ್ಪ, ಏನೂ ಆಗಲ್ಲ."

ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಕಚೇರಿಗೆ ಒಯ್ದೆ. ಅಧ್ಯಕ್ಷರು ಬದಲಾಗಿದ್ದರು. ಹಳೆಯ ಕಡತ ಮುಚ್ಚಿದೆ ಎಂದರು. ಚೀಟಿಯನ್ನು ಒದ್ದೆ ಅತ್ತೆಗೆ ಕೊಟ್ಟು ಬರೋಣವೆಂದು ಅವಳ ತಮ್ಮನ ಮನೆಗೆ ಹೋದೆ. ಅವಳು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದಳು, ಎರಡು ಸಲ ಓದಿದಳು.

"ಅಂದ್ರೆ ಸರಿಯೇ ಆಯ್ತಲ್ಲ. ನಾನೇ ಮಾಡಿದ್ದು" ಎಂದಳು. "ಎಲ್ಲೋ ಒಂದು ಕಡೆ, ಅದಲ್ಲದೆ ಬೇರೆ ಏನಾದ್ರೂ ಇರಬಹುದೇನೋ ಅಂದ್ಕೊಂಡಿದ್ದೆ."

ಚೀಟಿಯನ್ನು ಮಡಿಸಿ ತಗಡಿನ ಪೆಟ್ಟಿಗೆಯಲ್ಲಿಟ್ಟಳು. ನಾನು ಅವತ್ತು ಅಳುತ್ತಾ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ನನ್ನ ಬೆನ್ನು ತಟ್ಟಲು ಕೈ ಎತ್ತಿದಳು, ತಟ್ಟದೆ ಇಳಿಸಿದಳು. "ನಿನ್ನ ಅಡುಗೆಮನೇಲಿ ಹುಳ ಇರಲಿಲ್ಲ ಬಿಡು. ನೀನು ಸುಳ್ಳು ಹೇಳಿಲ್ಲ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಳೆದ ವಾರ ಮತ್ತೆ ಹೋಗಿದ್ದೆ. ಆ ಮಂಗಳವಾರ ಕಳೆದು ಆರು ವರ್ಷ. ತಮ್ಮನ ಮಗನಿಗೆ ಮದುವೆಯಾಗಿ ಎಂಟು ತಿಂಗಳ ಮಗು ಇದೆ. ಸೊಸೆ ಒಳ್ಳೆಯವಳೇ, ಹಿರಿಯಳನ್ನು ಹೊತ್ತು ಹೊತ್ತಿಗೆ ಊಟಕ್ಕೆ ಕರೆಯುತ್ತಾಳೆ. ಮಗುವನ್ನು ಮಾತ್ರ ಅವಳ ಕೈಗೆ ಕೊಡುವುದಿಲ್ಲ. ಹಳೆಯದನ್ನು ನಂಬಿದ್ದಾಳೆಂದಲ್ಲ, "ಸುಮ್ನೆ ಯಾಕೆ ಅಂತ" ಎಂದು ನನ್ನ ಹತ್ತಿರವೇ ಒಮ್ಮೆ ಹೇಳಿದ್ದಳು. ಒದ್ದೆ ಅತ್ತೆಯೂ ಕೇಳುವುದಿಲ್ಲ. ಎಂಟು ತಿಂಗಳಿಂದ ಒಂದೇ ಸೂರಿನ ಕೆಳಗಿದ್ದು ಆ ಮಗುವನ್ನು ಅವಳು ಒಮ್ಮೆಯೂ ಮುಟ್ಟಿಲ್ಲ.

ನಾವಿಬ್ಬರೂ ಅಂಗಳದಲ್ಲಿ ಕೂತಿದ್ದೆವು. ಸೊಸೆ ಮಗುವನ್ನು ಚಾಪೆಯ ಮೇಲೆ ಬಿಟ್ಟು ಒಳಗೆ ಏನೋ ತರಲು ಹೋಗಿದ್ದಳು. ಎಲ್ಲಿಂದಲೋ ಒಂದು ಗುಲಗಂಜಿ ಹುಳ ಬಂದು ಮಗುವಿನ ಕೆನ್ನೆಯ ಮೇಲೆ ಕೂತಿತು. ಮಗು ಕೈ ಎತ್ತಿ ಹೊಡೆದುಕೊಳ್ಳಲು ಹೋಯಿತು. ಒದ್ದೆ ಅತ್ತೆ ಎದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಮಂಡಿಯೂರಿ, ಮಗುವಿನ ಮುಖದ ಹತ್ತಿರ ಬಗ್ಗಿ ಉಫ್ ಎಂದು ಊದಿದಳು. ಹುಳ ರೆಕ್ಕೆ ಬಿಚ್ಚಿ ಹಾರಿಹೋಯಿತು. ಮಗು ಅವಳನ್ನು ನೋಡಿ ನಕ್ಕಿತು. ಅವಳೂ ನಕ್ಕಳು, ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು.

ಸೊಸೆ ಬಾಗಿಲಿಗೆ ಬಂದವಳು ಮಗುವಿನ ಮುಖಕ್ಕೆ ಅಷ್ಟು ಹತ್ತಿರವಿದ್ದ ಅವಳನ್ನು ಕಂಡು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿಬಂದು ಮಗುವನ್ನು ಎತ್ತಿಕೊಂಡಳು. ಕೆನ್ನೆ, ಕತ್ತು ಎಲ್ಲ ತಿರುಗಿಸಿ ನೋಡಿದಳು.

"ಏನು ಮಾಡ್ತಿದ್ರಿ?"

ಒದ್ದೆ ಅತ್ತೆ ಮೆಲ್ಲಗೆ ಎದ್ದು ಪಕ್ಕಕ್ಕೆ ಸರಿದಳು.

"ಹುಳ ಇತ್ತು" ಎಂದೆ ನಾನು. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ನಾನು ಕಣ್ಣಾರೆ ನೋಡಿದೆ. ಹುಳ ಇತ್ತು."

ಸೊಸೆ ಚಾಪೆ ನೋಡಿದಳು, ಮಗುವಿನ ಬಟ್ಟೆ ಕೊಡವಿ ನೋಡಿದಳು. "ಎಲ್ಲಿ?" ಎಂದಳು.

ತೋರಿಸಲು ಏನಿತ್ತು? ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒದ್ದೆ ಅತ್ತೆ ಬೆನ್ನ ಹಿಂದಿನಿಂದ ಕೈ ಬಿಡಿಸಿಕೊಂಡು, ಖಾಲಿ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು.